ಬಂಡಿಯಿಂದ ಇಳಿದವಳು

ಹೋದ ಸೋಮವಾರ, ಬಿಸಿಲೇರುವ ಮುಂಚೆ, ನಾನು ಒಂದು ಬಂಡಿಗೆ ಅಡ್ಡ ನಿಂತೆ.

ನಮ್ಮ ಗೊಬ್ಬೂರಿನಿಂದ ಇಜೇರಿಗೆ ಹೊರಟ ಬಂಡಿ. ಹೊಡೆಯುತ್ತಿದ್ದವರು ನಮ್ಮ ಶಾಲೆಯ ಶಾಂತಪ್ಪ ಮಾಸ್ತರರು. ಹಿಂದೆ ಅವರ ತಂಗಿ ಗುರವ್ವ; ಇಜೇರಿ ಅವಳ ತವರು. ಅವಳ ಬಲಗೈ ಮಣಿಕಟ್ಟಿಗೆ ಬಿದಿರಿನ ಸೀಳು ಕಟ್ಟಿತ್ತು. ಹಿಂದಿನ ಸಂಜೆ ಗಂಡ ಹೊಡೆದಿದ್ದ. ಕಾರಣ? ಅಣ್ಣನ ರೊಟ್ಟಿಗೆ ತುಪ್ಪ ಹೆಚ್ಚು ಹಾಕಿದಳಂತೆ.

ಅಫಜಲಪುರದ ಕಚೇರಿಯ ಮಾತು ಉರ್ದು, ನಮ್ಮದು ಕನ್ನಡ. ಅರ್ಜಿ ಬರೆದು ನಮ್ಮೂರಿಗೆ ಏನೂ ಬಂದಿಲ್ಲ. ಒಳ್ಳೆಯ ಜೋಳದ ಬೀಜ ಬಂದದ್ದು ಒಬ್ಬರ ಸೋದರಮಾವನಿಂದ. ಬಾವಿ ತೋಡುವವರು ಬಂದದ್ದು ಇನ್ನೊಬ್ಬರ ಬೀಗರಿಂದ. ಕನ್ನಡ ಶಾಲೆ ಬಂದದ್ದು ಗುರವ್ವನ ಹಿಂದೆ. ತಂಗಿಯನ್ನು ಕೊಟ್ಟ ಊರೆಂದು ಮಾಸ್ತರರು ಪಗಾರ ಕೇಳದೆ ಬಂದರು, ಅವಳ ಮನೆಯಲ್ಲೇ ಉಂಡರು. (ದಿನಕ್ಕೊಂದು ಮನೆಯವರು ಊಟ ಹಾಕೋಣ ಎಂದು ಚಾವಡಿಯಲ್ಲಿ ಮಾತಾಗಿತ್ತು. ಮಾತಾಗಿಯೇ ಉಳಿಯಿತು. ನನ್ನ ಮನೆಯಲ್ಲೂ ಹಾಕಲಿಲ್ಲ.)

ಅವಳು ಹೋದರೆ ಮಾಸ್ತರರು ಹೋಗುತ್ತಾರೆ. ಅವರು ಹೋದರೆ ಶಾಲೆ ಮುಚ್ಚುತ್ತದೆ. ಅದಕ್ಕೇ ನಾವು ನಾಲ್ಕು ಮಂದಿ ಓಡಿದ್ದು.

"ದಾರಿ ಬಿಡ್ರಿ," ಅಂದರು ಮಾಸ್ತರರು. "ನನ್ನ ತಂಗೀನ ಜೀವಂತ ಒಯ್ಯಾಕತ್ತೇನಿ."

ಜೊತೆಗೆ ಬಂದಿದ್ದ ಊರಗೌಡರು ನಕ್ಕರು. "ಗಂಡ ಹೆಂಡ್ತಿ ಜಗಳಕ್ಕ ಬಂಡಿ ಹೂಡ್ತಾರೇನ್ರಿ ಮಾಸ್ತರ? ಹಂಗಾದ್ರ ಈ ಊರಾಗ ಎತ್ತಿಗಿ ಪುರಸೊತ್ತೇ ಸಿಗೂದಿಲ್ಲ!"

ನಾನು ನಗಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಗುರವ್ವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಹುಡುಗ್ರು ಈಗಷ್ಟೇ ಕಾಗುಣಿತ ಕಲಿಯಾಕತ್ತಾವ, ತಾಯೀ. ನೀ ಹೋದ್ರ ಅವು ಮತ್ತ ದನದ ಹಿಂದ."

ಅವಳು ಸೀಳು ಕಟ್ಟಿದ ಕೈಯನ್ನು ನನ್ನ ಮುಂದೆ ಹಿಡಿದಳು.

"ಸಾಲಿಗಿ ಇನ್ನೊಂದು ಕೈಯೂ ಬೇಕೇನ್ರಿ, ಯಣ್ಣಾ?"

ಅವಳು ಎಡಗೈಯಿಂದ ಗಾಲಿ ಹಿಡಿದು ಇಳಿದಳು. ಗಂಡನ ಮನೆಯ ಕಡೆ ನಡೆದಳು. ಮಾಸ್ತರರು ಎತ್ತು ಬಿಚ್ಚಿದರು.

ಶಾಲೆ ನಡೆದಿದೆ. ಮಾಸ್ತರರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವಳ ಮಣಿಕಟ್ಟು ಸೊಟ್ಟ ಕೂಡಿಕೊಳ್ಳುತ್ತಿದೆ.

ನಿನ್ನೆ ಗೌಡರು ಮನೆಗೆ ಬಂದಿದ್ದರು. "ಆಳಂದದಾಗ ಒಬ್ಬರು ವೈದ್ಯರು ಅದಾರ್ರಿ. ಕೈಗುಣ ಭಾಳ ಚಲೋ. ಅವರಿಗೊಬ್ಬಾಕಿ ಮಗಳದಾಳ. ನಮ್ಮೂರಿಗಿ ಸೊಸಿ ಮಾಡ್ಕೊಂಡ್ರ ಔಷಧ ತಾನಾಗೇ ಬರ್ತದ. ಮಾತಾಡಾಕ ನೀವೂ ಬರ್ರಿ."

ಹೋದ ಮಳೆಗಾಲ ಜ್ವರಕ್ಕೆ ಸತ್ತವರನ್ನು ಊರು ಮರೆತಿಲ್ಲ. ನಾನೂ ಮರೆತಿಲ್ಲ.

ಹೋಗಲೇ ಬೇಡವೇ ಎಂದು ನಿಮ್ಮನ್ನು ಕೇಳುತ್ತಿಲ್ಲ, ಓದುಗರೇ. ಬರುತ್ತೇನೆಂದು ಆಗಲೇ ಹೇಳಿಬಿಟ್ಟಿದ್ದೇನೆ.