ಸರ್‌ಗೆ ಪಾಠ ಹೇಳಿದ ಬೇಸಿಗೆ

ನನಗೆ ಸಿಟ್ಟು ಬೇಗ ಬರುತ್ತದೆ. ಕಟ್ಟಡದ ಕೆಲಸದಲ್ಲಿ ಅದರಿಂದ ಅನುಕೂಲವೇ ಹೆಚ್ಚು. ಹೆಂಗಸು ಸೈಟಿಗೆ ಬಂದರೆ ನೆರಳು ಹುಡುಕಿಕೊಂಡು ನಿಲ್ಲುತ್ತಾಳೆ ಅಂದುಕೊಂಡವರೆಲ್ಲ ಒಂದೆರಡು ದಿನದಲ್ಲೇ ಸರಿಹೋಗುತ್ತಾರೆ. ಆದರೆ ಒಬ್ಬರ ಮುಂದೆ ಮಾತ್ರ ನನ್ನ ಸಿಟ್ಟು ನಡೆಯುತ್ತಿರಲಿಲ್ಲ. ಅವರನ್ನು ನಾನು ಸರ್ ಎಂದೇ ಕರೆದವಳು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಡಿಪ್ಲೊಮಾ ಮುಗಿಸಿ ದಾಬಸ್‌ಪೇಟೆಯಲ್ಲಿ ಗೋಡೌನ್ ಕಟ್ಟುವ ಕೆಲಸಕ್ಕೆ ಸೇರಿದಾಗ ಅಲ್ಲಿ ಅವರೇ ಪ್ರಾಜೆಕ್ಟ್ ಮ್ಯಾನೇಜರ್. ಬೂದಿಗೆರೆ ಕಡೆಯ ಒಕ್ಕಲು ಮನೆಯವರು. ನಾನೋ ದೇವನಹಳ್ಳಿ ಪಕ್ಕದ ವಿಜಯಪುರದ ರೇಷ್ಮೆ ಹುರಿ ಮಾಡುವವರ ಮನೆಯ ಹುಡುಗಿ, ಮನೆಯಲ್ಲಿ ಆಡುವುದು ದಕ್ಕನಿ ಉರ್ದು. ಸರ್ ಮೊದಲ ದಿನವೇ ನನ್ನ ಲ್ಯಾಪ್‌ಟಾಪ್ ಮುಚ್ಚಿಸಿ ಸೈಟು ಸುತ್ತಿಸಿದರು.

‘ಕೆಲ್ಸ ಆಗುತ್ತಾ ಅಂತ ಯಾರನ್ನೂ ಕೇಳ್ಬೇಡಮ್ಮ. ನಮ್ ಕಡೆ ಎಲ್ರೂ ಆಗುತ್ತೆ ಅಂತಾನೇ ಅನ್ನೋದು. ಯಾತಕ್ಕೆ ನಿಂತಿದೆ ಅಂತ ಕೇಳು’ ಎಂದರು.

ಅಷ್ಟು ಹೇಳಿ ಸುಮ್ಮನಾಗುವ ಗುರುವಲ್ಲ ಅವರು. ನನ್ನನ್ನು ಯೋಜನಾ ನಿರ್ವಹಣೆಯ ಪರೀಕ್ಷೆಗೆ ಕೂರಿಸಿದರು. ನಾನು ಫೇಲಾಗಿ ಮೂತಿ ಊದಿಸಿಕೊಂಡು ಕೂತಾಗ, ‘ಗಾರೆ ಒಣಗೋಕೇ ಟೈಮ್ ಬೇಕು, ತಲೆಗೆ ಬೇಡ್ವಾ, ಮತ್ತೆ ಬರಿ’ ಎಂದು ರೇಗಿಸಿ ಎರಡನೇ ಸಲವೂ ಕಟ್ಟಿಸಿದರು. ತಾವೂ ಕಲಿಯುವುದನ್ನು ಬಿಟ್ಟವರಲ್ಲ. ತಲೆ ನರೆತ ಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿತರು. ಅದೂ ಆಗ ತಾನೇ ಸೇರಿದ ಟ್ರೈನಿಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ದೇವನಹಳ್ಳಿ ಹತ್ತಿರ ತರಕಾರಿ ಇಡುವ ಕೋಲ್ಡ್ ಸ್ಟೋರೇಜ್ ಒಂದನ್ನು ಕಟ್ಟಿಸುತ್ತಿದ್ದೆವು. ಆಗ ಕಂಪನಿಗೆ ಹೊಸ ಸಾಫ್ಟ್‌ವೇರ್ ಬಂತು. ಮುಂದಿನ ಪ್ರಾಜೆಕ್ಟು ಬೇಕೆನ್ನುವವರು ಅದರಲ್ಲೇ ಕೆಲಸದ ಯೋಜನೆ ಹಾಕಿ ತೋರಿಸಬೇಕೆಂಬ ನಿಯಮವೂ ಬಂತು. ಆ ಮುಂದಿನ ಪ್ರಾಜೆಕ್ಟು ಹೊಸಕೋಟೆಯದು, ನಮ್ಮ ಕಂಪನಿ ಅಷ್ಟು ದೊಡ್ಡ ಕೆಲಸ ಹಿಡಿದದ್ದೇ ಇಲ್ಲ. ನಿವೃತ್ತಿಗೆ ಮೊದಲು ಅದೊಂದನ್ನು ಮಾಡಿ ಮುಗಿಸಬೇಕೆಂದು ಸರ್‌ಗೆ ಬಹಳ ಆಸೆ. ಊಟಕ್ಕೆ ಕೂತಾಗಲೂ ಅದೇ ಮಾತು.

‘ನೀನೇ ಹೇಳ್ಕೊಡಮ್ಮ. ನಿನ್ ಹತ್ರ ನಂಗೇನು ನಾಚ್ಕೆ’ ಎಂದರು. ನನಗೆ ಹೆಮ್ಮೆಯಾಯಿತು. ಯಾರಿಗೆ ತಾನೇ ಆಗುವುದಿಲ್ಲ?

ಸಂಜೆ ಆಳುಗಳು ಕೈಕಾಲು ತೊಳೆದು ಹೊರಟ ಮೇಲೆ ಸೈಟಿನ ತಗಡಿನ ಆಫೀಸಿನಲ್ಲಿ ಪಾಠ ಶುರುವಾಯಿತು. ಪರದೆ ಮೇಲೆ ಕೆಲಸಗಳೆಲ್ಲ ಗೆರೆಗಳಾಗಿ ಸಾಲಾಗಿ ನಿಲ್ಲುತ್ತವೆ, ಕೆಲವು ಮಾತ್ರ ಕೆಂಪು. ‘ಈ ಕೆಂಪು ಗೆರೆ ಯಾಕಮ್ಮ?’ ಎಂದು ಕೇಳಿದರು. ಆ ಕೆಲಸ ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುತ್ತದೆ ಎಂದು ವಿವರಿಸಿದೆ. ಮರುದಿನ ಅದೇ ಕುರ್ಚಿಯಲ್ಲಿ ಕೂತು, ಕತ್ತು ಹಾಗೆಯೇ ಓರೆ ಮಾಡಿ, ‘ಈ ಕೆಂಪು ಗೆರೆ ಯಾಕಮ್ಮ?’ ಎಂದರು. ನಾನು ಸರಿಯಾಗಿ ಪಾಠ ಹೇಳುತ್ತೇನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ, ಅಂಥ ಕುಚೋದ್ಯ ಅವರಿಗೆ ಉಂಟು. ಅದರ ಮರುದಿನವೂ ಕೇಳಿದಾಗ ನನ್ನ ಸಿಟ್ಟು ಕೈಮೀರಿತು.

‘ಸರ್, ತಮಾಷೆ ಮಾಡ್ತಿದೀರಾ?’

ಅವರು ಕನ್ನಡಕ ತೆಗೆದು ಒರೆಸಿದರು.

ಅದೇ ವಾರ ಕ್ರೇನಿನವನು ಫೋನ್ ಮಾಡಿದ. ಚಾವಣಿಯ ಕಬ್ಬಿಣದ ತೊಲೆಗಳನ್ನು ಏರಿಸಲು ಗುರುವಾರ ಕ್ರೇನು ಬರಬೇಕೆಂದು ಬೆಳಗಿನ ಮೀಟಿಂಗಿನಲ್ಲಿ ಸರ್ ಅವರೇ ನಿಗದಿ ಮಾಡಿದ್ದರು.

‘ಮೇಡಂ, ಸರ್ ಈಗ ಮತ್ತೆ ಫೋನ್ ಮಾಡಿ ಮಂಗಳವಾರ ಬಾ ಅಂದ್ರು. ನಾನು ಆಯ್ತು ಸರ್ ಅಂದೆ. ಯಾವಾಗ್ಲೂ ಮಾಡೋ ಹಂಗೆ ಗುರುವಾರಾನೇ ಕಳಿಸ್ತೀನಿ ಬಿಡಿ.’

‘ಯಾವಾಗ್ಲೂ ಮಾಡೋ ಹಂಗೆ ಅಂದ್ರೆ?’

‘ನಿಮ್ಗೆ ಗೊತ್ತಿದೆ ಅನ್ಕೊಂಡಿದ್ದೆ ಮೇಡಂ’ ಎಂದ.

ಸೈಟಿನಲ್ಲಿ ವಿಚಾರಿಸುತ್ತಾ ಹೋದೆ. ಮೇಸ್ತ್ರಿಗೆ ಗೊತ್ತಿತ್ತು. ಸ್ಟೋರಿನವನಿಗೆ ಗೊತ್ತಿತ್ತು. ಡ್ರೈವರಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು, ಏಕೆಂದರೆ ದಾರಿಯಲ್ಲಿ ಸರ್ ಎಲ್ಲಿಗೆ ಹೊರಟಿದ್ದೇವೆಂದು ಅವನನ್ನೇ ಕೇಳುತ್ತಿದ್ದರಂತೆ. ಯಾರೂ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಸರ್ ಏನು ಹೇಳಿದರೂ ‘ಆಯ್ತು ಸರ್’ ಎನ್ನುವುದು, ಆಮೇಲೆ ಸರಿಯಾದದ್ದನ್ನು ಮಾಡಿಬಿಡುವುದು. ನಮ್ಮ ಮನೆಯ ಶೆಡ್ಡಿನಲ್ಲಿ ರೇಷ್ಮೆಯ ಎಳೆ ಕಡಿದರೆ ಗೊತ್ತಾಗದ ಹಾಗೆ ಗಂಟು ಹಾಕಿ ಮುಂದೆ ಬಿಡುತ್ತಾರೆ. ಇಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ದೊಡ್ಡವರ ಕುಂದು ಎತ್ತಿ ಆಡಬಾರದು ಎಂಬ ಮರ್ಯಾದೆ ಅದು. ಮನೆಯಲ್ಲಿ ಅಮ್ಮಿಯ ಹತ್ತಿರ ಹೇಳಿಕೊಂಡೆ. ಉಸ್ತಾದರ ಮಾನ ಶಿಷ್ಯರ ಕೈಯಲ್ಲಿರುತ್ತದೆ, ಸುಮ್ಮನಿರು ಎಂದಳು.

ಸುಮ್ಮನಿದ್ದೆ. ಪಾಠವೂ ನಡೆಯಿತು. ಕೆಂಪು ಗೆರೆ ಯಾಕೆಂದು ಅವರು ಕೇಳಿದಾಗಲೆಲ್ಲ ಹೊಸದಾಗಿ ಹೇಳುತ್ತಿದ್ದೆ. ಸಿಟ್ಟು ಹೋಗಿ ಆ ಜಾಗಕ್ಕೆ ಭಯ ಬಂದಿತ್ತು.

ಆಮೇಲೆ ಹೊಸ ಸೂಪರ್‌ವೈಸರ್ ಒಬ್ಬ ಬಂದ. ಹೊರಗಿನವನು, ನಮ್ಮ ಸೈಟಿನ ಒಳಗುಟ್ಟು ಅವನಿಗೇನು ಗೊತ್ತು? ಲಾರಿ ನಿಲ್ಲುವ ಜಾಗದ ಮೇಲೆ ಚಾವಣಿಗೆ ಹಾಕಿದ್ದ ಸ್ಲ್ಯಾಬು ಇನ್ನೂ ಹಸಿಯಿತ್ತು. ಅದರ ಕೆಳಗೆ ಆಸರೆಗೆ ನಿಲ್ಲಿಸಿದ್ದ ಜಾಕಿಗಳನ್ನು ತೆಗೆಸು ಎಂದು ಸರ್ ಅವನಿಗೆ ಹೇಳಿದರು. ಅವನು ‘ಆಯ್ತು ಸರ್’ ಎಂದ, ಹೇಳಿದಂತೆಯೇ ಮಾಡಿಸಲು ನಿಂತ. ಸ್ಲ್ಯಾಬಿನ ಅಡಿಯಲ್ಲಿ ಆಳುಗಳಿದ್ದರು. ಮೇಸ್ತ್ರಿ ಕೂಗಿಕೊಂಡು ಓಡಿಬಂದು ತಡೆಯುವ ಹೊತ್ತಿಗೆ ಒಂದು ಜಾಕಿ ಆಗಲೇ ಸಡಿಲವಾಗಿತ್ತು. ಯಾರಿಗೂ ಏನೂ ಆಗಲಿಲ್ಲ.

‘ಮೇಡಂ, ಇನ್ನು ನಮ್ ಕೈಲಿ ಮುಚ್ಚೋಕಾಗಲ್ಲ. ಯಾರಾದ್ರೂ ಸತ್ತೋಗ್ತಾರೆ’ ಎಂದ ಮೇಸ್ತ್ರಿ.

ಅಂದು ಮಧ್ಯಾಹ್ನವೇ ಆಫೀಸಿನ ಬಾಗಿಲು ಹಾಕಿಕೊಂಡು ಸರ್‌ಗೆ ಎಲ್ಲವನ್ನೂ ಹೇಳಿದೆ. ಕ್ರೇನು, ಡ್ರೈವರು, ಜಾಕಿ, ದಿನವೂ ಕೇಳುವ ಕೆಂಪು ಗೆರೆ. ಕಲಿಸಿದವರಿಗೆ ಹೀಗೆ ಎದುರು ಕೂತು ಹೇಳುವಷ್ಟು ಕೆಟ್ಟ ಕೆಲಸ ನಾನು ಬೇರೆ ಮಾಡಿಲ್ಲ. ಅಳು ಬಂತು, ಅತ್ತೆ.

ಅವರು ಪೂರ್ತಿ ಕೇಳಿದರು. ‘ನಂಗೂ ಅನುಮಾನ ಇತ್ತು ಕಣಮ್ಮ. ಮನೇಲೂ ಹಿಂಗೇ ಏನೋ ಮುಚ್ತಿದಾರೆ ಅನ್ನಿಸ್ತಿತ್ತು’ ಎಂದರು. ಆಮೇಲೆ ಕೇಳಿದರು, ‘ಯಾರಿಗೂ ಏನೂ ಆಗ್ಲಿಲ್ಲ ತಾನೆ?’

‘ಇಲ್ಲ ಸರ್.’

‘ಮಾಲೀಕರಿಗೆ ನಾನೇ ಹೇಳ್ತೀನಿ. ಹೊಸಕೋಟೆ ಕೆಲ್ಸ ಬೇಡ ಅಂತಾನೂ ನಾನೇ ಹೇಳ್ತೀನಿ. ನೀನು ಹೇಳಿದ್ರೆ ಚಾಡಿ ಆಗುತ್ತೆ. ನನ್ ಪಕ್ಕದಲ್ಲಿ ಕೂತಿರು. ಎಲ್ಲಾದ್ರೂ ತಪ್ಪಿದ್ರೆ ಎತ್ಕೊಡು.’

ಮರುದಿನ ಬೆಳಿಗ್ಗೆ ಇಬ್ಬರೂ ಮಾಲೀಕರ ಕೋಣೆಗೆ ಹೋದೆವು. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮಾಲೀಕರು ಕಾಫಿ ತರಿಸಿ ಕೋಲ್ಡ್ ಸ್ಟೋರೇಜಿನ ಕೆಲಸ ಎಲ್ಲಿಗೆ ಬಂತೆಂದು ಕೇಳಿದರು. ಸರ್ ಎಷ್ಟು ಚೆನ್ನಾಗಿ ಹೇಳಿದರೆಂದರೆ, ಚಾವಣಿಯಿಂದ ಹಿಡಿದು ಒಳಗಿನ ತಂಪು ಕೋಣೆಗಳವರೆಗೆ, ಎಲ್ಲಿ ಏನು ನಿಂತಿದೆ, ಯಾತಕ್ಕೆ ನಿಂತಿದೆ, ಒಂದೂ ತಪ್ಪಲಿಲ್ಲ. ನಾನೇ ಏನೋ ದೊಡ್ಡದಾಗಿ ತಪ್ಪು ತಿಳಿದೆನೋ ಎಂದು ಒಂದು ಕ್ಷಣ ಆಸೆಯಾಯಿತು.

‘ನಿಮ್ಮಂಥೋರು ಇನ್ನೆಲ್ಲಿ ಸಿಗ್ತಾರೆ. ಸಾಫ್ಟ್‌ವೇರ್ ಕಥೆ ಆಮೇಲೆ ನೋಡೋಣ, ಹೊಸಕೋಟೆ ನಿಮ್ದೇ’ ಎಂದರು ಮಾಲೀಕರು.

ಸರ್ ಮುಖ ಅರಳಿತು. ‘ಸಂತೋಷ ಸರ್. ಮಾಡ್ತೀನಿ’ ಎಂದರು.

ನಾನು ಕಾದೆ. ಅವರು ಬೇರೇನೂ ಹೇಳಲಿಲ್ಲ. ಬಂದ ಕಾರಣ ಮರೆತುಹೋಗಿತ್ತೋ, ಇಲ್ಲ ಆಸೆಯೇ ಗೆದ್ದಿತೋ, ನನಗೆ ಇಂದಿಗೂ ತಿಳಿಯದು. ಕಾಫಿ ಲೋಟ ಕೆಳಗಿಟ್ಟು ಏಳಲು ಹೊರಟರು.

‘ಸರ್, ಇನ್ನೊಂದು ವಿಷಯ ಹೇಳ್ಬೇಕು ಅಂದಿದ್ರಿ’ ಎಂದೆ.

ಅವರು ಮತ್ತೆ ಕೂತು ನನ್ನ ಕಡೆ ತಿರುಗಿದರು. ಮುಖದಲ್ಲಿ ಹೊಸಕೋಟೆಯ ಸಂತೋಷ ಇನ್ನೂ ಹಾಗೇ ಇತ್ತು.

‘ಯಾವುದಮ್ಮ?’

ನಾನು ಮಾಲೀಕರ ಕಡೆ ತಿರುಗಿ ಜಾಕಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಸರ್ ಮೊದಲ ಸಲ ಕೇಳುವವರ ಹಾಗೆ ಕೇಳಿಸಿಕೊಂಡರು.