ಅಕ್ಕನ ಚಂದ್ರನೌಕೆ

ಅಕ್ಕನಿಗೆ ಚಂದ್ರನ ಮೇಲೆ ಇಳಿಯಬೇಕಿತ್ತು, ಅದೂ ಕಣ್ಣು ಪೂರ್ತಿ ಹೋಗುವ ಮೊದಲು. ಜೀವಮಾನವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಲ್ಯಾಪ್‌ಟಾಪಿನಲ್ಲಿ ಬಾಹ್ಯಾಕಾಶ ನೌಕೆ ಕಟ್ಟಿ ಹಾರಿಸುವ ಆಟದ ಹುಚ್ಚು ಹಿಡಿಸಿಕೊಂಡಿದ್ದಳು. ಕಣ್ಣಿನ ನರ ಒಣಗುತ್ತಿದೆ, ಉಳಿದ ದೃಷ್ಟಿಯೂ ನಿಲ್ಲುವ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿದ ದಿನ ಧಾರವಾಡದ ಸಪ್ತಾಪುರದ ತನ್ನ ಮನೆಗೆ ಬಂದು ಕೂತವಳೇ ಅಂದಳು: "ತಂಗೀ, ಬ್ಯಾರೆ ಏನೂ ಬ್ಯಾಡ ನನಗ. ಅಲ್ಲಿ ನಿಂತರ ಭೂಮಿ ಹೆಂಗ ಕಾಣ್ತೈತಿ, ಒಮ್ಮೆ ನೋಡಬೇಕು."

ನಾನಿರುವುದು ಗೋಪನಕೊಪ್ಪದಲ್ಲಿ. ಭಾನುವಾರ ಬಂತೆಂದರೆ ಧಾರವಾಡದ ಬಸ್ಸು ಹತ್ತುತ್ತಿದ್ದೆ. ಅವಳ ನೌಕೆ ಏರುವುದೇನೋ ಚೆನ್ನಾಗಿಯೇ ಏರುತ್ತಿತ್ತು. ಚಂದ್ರನ ನೆಲ ಹತ್ತಿರವಾದಾಗ ಎಂಜಿನ್ ಆರಿ, ಕಲ್ಲು ಬಿದ್ದಂತೆ ಬೀಳುತ್ತಿತ್ತು. ಸೋಜಿಗವೆಂದರೆ, ಪರದೆಯ ಮೂಲೆಯಲ್ಲಿ ಇಂಧನ ಇನ್ನೂ ಉಳಿದಿದೆ ಎಂದೇ ತೋರಿಸುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆಟವೇ ಕೆಟ್ಟಿದೆ ಎಂದು ಅಳಿಸಿ ಮತ್ತೆ ಹಾಕಿದೆ. ಎಂಜಿನ್ ಬದಲಿಸಿದೆ, ಭಾರ ಇಳಿಸಿದೆ, ಆಟ ಮಾಡಿದವರ ವಂಶಕ್ಕೆಲ್ಲ ಬೈದೆ.

ಹೀಗೆ ಭಾನುವಾರಗಳು ಕಳೆದವು. ಅಕ್ಕ ಮೊದಲು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಆಮೇಲೆ ಅಕ್ಷರ ದೊಡ್ಡದು ಮಾಡಿಸಿದಳು. ಆಮೇಲೆ, "ಏನ್ ಬರದೈತಿ, ನೀನ ಓದಿ ಹೇಳು" ಎನ್ನತೊಡಗಿದಳು.

ಒಂದು ಮಧ್ಯಾಹ್ನ ರೊಟ್ಟಿ ಮಾಡಲು ಹಿಟ್ಟಿನ ಡಬ್ಬಿ ಬಗ್ಗಿಸಿ ಕೆರೆಯುತ್ತಿದ್ದೆ. ಸದ್ದು ಕೇಳಿಯೇ ಅಕ್ಕ ಹೊರಗಿನ ಕೋಣೆಯಿಂದ ಕೂಗಿದಳು: "ಏ ಹುಚ್ಚಿ, ಡಬ್ಬಿ ಬಳೀಬ್ಯಾಡ! ತಳದಾಗ ಒಂದ್ ಮುಷ್ಟಿ ಇರಲಿ."

ನಮ್ಮವ್ವ ಬದುಕಿದ್ದ ತನಕ ಹಿಟ್ಟಿನ ಡಬ್ಬಿಯ ತಳ ಕಾಣಗೊಟ್ಟವಳಲ್ಲ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಅಕ್ಕಾ, ನೌಕೆಯಾಗೂ ಹಿಂಗ ಏನರ ತಗದಿಟ್ಟೀಯೇನ?"

"ಭೂಮಿಗೆ ಹೊಳ್ಳಿ ಬರಾಕ ಬೇಕಾಗ್ತೈತಿ ಅಂತ ಒಂದ್ ಟ್ಯಾಂಕ್ ಬಂದ್ ಮಾಡಿದ್ದೆ, ಮೊದಲ ಕಟ್ಟಿದಾಗ. ನೀ ತಗದಿಲ್ಲೇನ ಅದನ್ನ?"

ತೆರೆಯುವುದೆಲ್ಲಿಂದ? ಪ್ರತಿ ಸಲ ನಾನು ಅದೇ ನೌಕೆಯ ನಕಲು ಮಾಡಿ ತಿದ್ದುತ್ತಿದ್ದೆ. ಮುಚ್ಚಿದ ಟ್ಯಾಂಕೂ ನಕಲಾಗಿ ಬರುತ್ತಿತ್ತು. ಪರದೆಯ ಮೇಲೆ ಆ ಟ್ಯಾಂಕನ್ನೇ ಒತ್ತಿ ನೋಡಿದರೆ ಮಾತ್ರ ಅದನ್ನು ಮುಚ್ಚಿ ತೆರೆಯುವ ಗುಂಡಿ ಕಾಣುತ್ತಿತ್ತು. ನಾನು ನೋಡಿದ್ದು ಇಂಧನದ ಒಟ್ಟು ಲೆಕ್ಕ ಮಾತ್ರ. "ಅವ್ವನ ಬುದ್ಧಿ ಎಲ್ಲಿ ಹೋಗ್ತೈತಿ" ಎಂದು ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಮೊದಲ ವಾರವೇ ಇದನ್ನು ಕೇಳಬಾರದಿತ್ತೇ ಎಂದು ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಟ್ಯಾಂಕ್ ತೆರೆದು ಅವತ್ತೇ ಇಳಿದೆವು. ನೌಕೆ ಒಮ್ಮೆ ಕುಪ್ಪಳಿಸಿ, ವಾಲಿ, ನಿಂತಿತು.

"ಇಳದ್ವೇನ?"

"ಇಳದ್ವಿ ಅಕ್ಕಾ. ಭೂಮಿ ಕಾಣಾಕತ್ತೈತಿ ನೋಡು, ನೀಲಿ."

"ಎಲ್ಲೆ?" ಎಂದಳು ಅಕ್ಕ. ಬೆಳಕು ಇದ್ದಲ್ಲೇ ಪರದೆ ಇದೆ ಎಂದುಕೊಂಡು ಕಿಟಕಿಯ ಕಡೆ ಮುಖ ಮಾಡಿ, ನಗುತ್ತಾ, ದಿಟ್ಟಿಸಿ ನೋಡುತ್ತಿದ್ದಳು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ, ಕಿಟಕಿಗೆ ಬೆನ್ನು ಕೊಟ್ಟು, ಅವಳ ಮುಖದ ಮುಂದೆ ಹಿಡಿದು ನಿಂತೆ.