ಕುಸ್ತಿಯವಳ ಕಿವಿ

ಆ ಬೀದಿಯವರೆಲ್ಲ ಅವನನ್ನು ರಬ್ಬರ್ ಮಾಮ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅದೇ ಫೋಟೊ ಸ್ಟುಡಿಯೊ, ಕೈ ಮುರಿದು ಟೇಪು ಸುತ್ತಿಸಿಕೊಂಡ ಅದೇ ಕುರ್ಚಿ. ಮೊದಮೊದಲು ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಜನರ ಮೊಡವೆ ಮುಚ್ಚುತ್ತಿದ್ದ. ಕಂಪ್ಯೂಟರ್ ಬಂದಾಗ ಇವನ ಕಥೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಮೌಸ್ ಹಿಡಿಯುವುದನ್ನು ಕಲಿಯಲು ಮೂರು ವಾರ ಬೆವರು ಸುರಿಸಿದ, ಕಲಿತ ಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಮದುವೆಯ ಗುಂಪು ಫೋಟೊದಲ್ಲಿ ಮದುಮಗ ಕಣ್ಣು ಮುಚ್ಚಿದ್ದರೆ ಅವನ ತಮ್ಮನ ಕಣ್ಣು ತಂದು ಕೂರಿಸುತ್ತಿದ್ದ. ಅಜ್ಜಿಗೆ ಹಲ್ಲಿಲ್ಲದಿದ್ದರೆ ಮೊಮ್ಮಗಳ ಹಲ್ಲು. ಒಬ್ಬ ಗಿರಾಕಿಯೂ ಮುಖ ಗಂಟುಹಾಕಿಕೊಂಡು ಹೋದವನಲ್ಲ ಎಂಬುದೇ ಅವನ ಹೆಮ್ಮೆ.

"ಊರವರ ಮುಖದ ಕಲೆ ಎಲ್ಲಾ ತೆಗಿತೀರಿ, ನಿಮ್ಮ ಕಾಲರ್ ಕಲೆ ಮಾತ್ರ ನಾನೇ ಉಜ್ಜಬೇಕು" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಹೊಸದಾಗಿ ಕುಸ್ತಿ ತರಬೇತಿ ಕೇಂದ್ರ ತೆರೆಯುತ್ತಿದ್ದ ಯಜಮಾನ ಸ್ಟುಡಿಯೊಗೆ ಬಂದ. ಬಟ್ಟೆ ಅಂಗಡಿಗಳನ್ನಿಟ್ಟು ಕೈತುಂಬ ಗಳಿಸಿದವನು, ಕುಸ್ತಿಯ ಗಂಧಗಾಳಿ ಇಲ್ಲದವನು. ಜೊತೆಗೆ ಒಬ್ಬಳು ಕುಸ್ತಿಪಟು ಇದ್ದಳು. ಹನ್ನೊಂದು ವರ್ಷ ಮ್ಯಾಟ್ ಮೇಲೆ ಉರುಳಾಡಿ ಪದಕ ತಂದವಳು. ಮೊಣಕಾಲು ಕೈಕೊಟ್ಟ ಮೇಲೆ ಆಡುವ ಹಾಗಿರಲಿಲ್ಲ. ಈ ಕೇಂದ್ರದಲ್ಲಿ ಕೋಚ್ ಆಗುವುದೊಂದೇ ಅವಳಿಗೆ ಉಳಿದಿದ್ದ ದಾರಿ. ಯಜಮಾನ ಇನ್ನೂ ಹೂಂ ಅಂದಿರಲಿಲ್ಲ. ಕೇಂದ್ರದ ಪ್ರಚಾರಕ್ಕೆ ಅಚ್ಚು ಹಾಕಿಸುವ ಬ್ರೋಷರ್‌ನಲ್ಲಿ ಮುಖ ಚೆನ್ನಾಗಿ ಬಂದರೆ ಕೆಲಸ, ಇಲ್ಲದಿದ್ದರೆ ನೋಡೋಣ ಎಂದಿದ್ದ.

ಫೋಟೊ ತೆಗೆದದ್ದಾಯಿತು. ಯಜಮಾನ ಮಾಮನ ಬೆನ್ನ ಹಿಂದೆ ನಿಂತು ಪರದೆಗೆ ಬೆರಳು ತೋರಿಸತೊಡಗಿದ. ಅವಳು ಪಕ್ಕದ ಸ್ಟೂಲಿನ ಮೇಲೇ ಕುಳಿತಿದ್ದಳು.

"ಈ ಕುತ್ತಿಗೆ ಎತ್ತಿನದ್ದೋ ಮನುಷ್ಯರದ್ದೋ? ಸಣ್ಣ ಮಾಡ್ರಿ."

"ಅದನ್ನ ಬೆಳೆಸೋಕೆ ಹನ್ನೊಂದು ವರ್ಷ ಹಿಡೀತು ಸಾರ್" ಎಂದು ಅವಳು ನಗುತ್ತಲೇ ಅಂದಳು.

"ತೆಗಿಯೋಕೆ ಇವರಿಗೆ ಹನ್ನೊಂದು ನಿಮಿಷ ಸಾಕು. ಹೌದೇನ್ರೀ?"

ಮಾಮ ನಕ್ಕ. ಕುತ್ತಿಗೆ ಸಣ್ಣದಾಯಿತು. ದವಡೆ ನುಣುಪಾಯಿತು. ಹುಬ್ಬಿನ ಹೊಲಿಗೆ ಗುರುತು, ಮೂಗಿನ ಸೊಟ್ಟ, ತುಟಿಯ ಮೇಲಿನ ನವಿರು ಕೂದಲು ಒಂದೊಂದಾಗಿ ಹೋದವು. ಪ್ರತಿ ಸಲವೂ ಅವಳು ತನಗೇ ತಿಳಿಯದ ಹಾಗೆ ಆ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ಮತ್ತೆ ಈ ಕಿವಿ! ಇಲಿ ತಿಂದು ಉಗುಳಿದ ಹಾಗಿದೆ. ಇದನ್ನ ನೋಡಿದ್ರೆ ಯಾವ ತಾಯಿ ಮಗಳನ್ನ ಕಳಿಸ್ತಾಳೆ?"

ವರ್ಷಗಟ್ಟಲೆ ಮ್ಯಾಟಿಗೆ, ಎದುರಾಳಿಯ ತಲೆಗೆ ಉಜ್ಜಿ ರಕ್ತ ಕಟ್ಟಿ ಎರಡು ಕಿವಿಗಳೂ ಗಂಟಿನಂತೆ ಗಟ್ಟಿಯಾಗಿದ್ದವು. ಅವಳ ನಗು ಅಲ್ಲಿಗೆ ನಿಂತಿತು. ಯಜಮಾನ ಫೋನ್ ಬಂತೆಂದು ಹೊರಗೆ ಹೋದಾಗ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ಮಾಮ, ಏನ್ ಬೇಕಾದ್ರೂ ಮಾಡ್ಕೊಳ್ಳಿ, ಕಿವಿ ಮಾತ್ರ ಮುಟ್ಬೇಡಿ. ನಮ್ಮ ಕುಸ್ತಿಯೋರು ಮೊದಲು ನೋಡೋದೇ ಕಿವಿನ. ಇದಿಲ್ಲ ಅಂದ್ರೆ ನಾನು ಮ್ಯಾಟೇ ಹತ್ತಿಲ್ಲ ಅಂತಾರೆ."

"ಆಯ್ತು ಬಿಡಮ್ಮ, ಮುಟ್ಟಲ್ಲ" ಎಂದ ಮಾಮ.

ಆ ಮಾತಿನ ಮೇಲೆ ಅವಳು ಎದ್ದು ಹೋದಳು. ಯಜಮಾನ ಒಳಗೆ ಬಂದವನು ಒಂದೇ ಮಾತು ಹೇಳಿದ: "ಕಿವಿ ಸರಿಯಾದ್ರೆ ಕೆಲಸ ಅವಳದ್ದೇ. ನಿಮ್ಮ ಕೈಲಿದೆ."

ಮಾಮನಿಗೆ ಅವಳ ಮೇಲೆ ನಿಜವಾಗಿಯೂ ಕನಿಕರವಿತ್ತು. ಹುಡುಗಿಗೆ ತನ್ನ ಒಳಿತು ತಿಳಿಯುತ್ತಿಲ್ಲ ಎಂದುಕೊಂಡ. ಇಷ್ಟು ವರ್ಷ ಅವನ ಮುಂದೆ ಕುಳಿತವರೆಲ್ಲ ಮೊದಲು ಬೇಡ ಎಂದವರೇ, ಆಮೇಲೆ ಕನ್ನಡಿಗಿಂತ ಫೋಟೊವನ್ನೇ ಹೆಚ್ಚು ನೋಡಿಕೊಂಡವರೇ. ಅವಳೂ ಹಾಗೇ ಖುಷಿಪಡುತ್ತಾಳೆ ಅನ್ನಿಸಿತು. ಯಾರದೋ ಮದುವೆ ಫೋಟೊದಿಂದ ಒಂದು ಜೊತೆ ಕಿವಿ ತಂದು, ಬಣ್ಣ ಹೊಂದಿಸಿ, ಕೂದಲ ಬುಡಕ್ಕೆ ನೆರಳು ಕೊಟ್ಟು ಕೂರಿಸಿದ. ಎಲ್ಲಿ ಸೇರಿಸಿದ್ದೆಂದು ಅವನಿಗೇ ಕಾಣಲಿಲ್ಲ. ಅವಳಿಗೆ ತೋರಿಸದೆಯೇ ಬ್ರೋಷರ್ ಅಚ್ಚಾಯಿತು, ಕೆಲಸವೂ ಅವಳದಾಯಿತು.

ಕೇಂದ್ರ ತೆರೆದ ದಿನ ಸುತ್ತಮುತ್ತಲಿನ ಹಳೆಯ ಕೋಚ್‌ಗಳು ತಮ್ಮ ಹುಡುಗಿಯರನ್ನು ಸೇರಿಸಲು ಬಂದರು. ಬ್ರೋಷರ್ ಬಿಚ್ಚಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿದರು. "ಈ ಕಿವಿ ಇಟ್ಕೊಂಡು ಕುಸ್ತಿ ಹೇಳ್ಕೊಡ್ತಾಳಂತೆ" ಎಂದು ಒಬ್ಬ ನಕ್ಕ. ಅವಳೇ ಎದುರು ಬಂದು ಕೂದಲು ಸರಿಸಿ ತೋರಿಸಿದಾಗ ಇನ್ನೂ ಜೋರಾಗಿ ನಕ್ಕರು. "ನಿನಗೇ ನಾಚಿಕೆ ಆಗಿ ಮುಚ್ಚಿಸ್ಕೊಂಡಿದೀಯ. ನಮ್ಮ ಹುಡುಗೀರಿಗೆ ಇನ್ನೇನು ಕಲಿಸ್ತೀಯಮ್ಮ?" ಎಂದು ಹಿರಿಯನೊಬ್ಬ ಕಾಗದ ಮೇಜಿನ ಮೇಲೆ ಬಿಸಾಕಿ ಹೋದ. ಬೇರೆ ತಂದೆ ತಾಯಿಯರು ಫೋಟೊದವಳನ್ನು ಹುಡುಕುತ್ತ ಬಂದು, ಅವಳನ್ನೇ "ಮೇಡಂ ಎಲ್ಲಿ?" ಎಂದು ಕೇಳಿ, ಚಪ್ಪಲಿ ಎಲ್ಲಿಡಬೇಕು ಎಂದು ವಿಚಾರಿಸಿದರು.

ಎಂಟನೆಯ ದಿನ ಯಜಮಾನ ಅವಳನ್ನು ಕೆಲಸದಿಂದ ಬಿಡಿಸಿದ. "ಕುಸ್ತಿಯೋರಿಗೆ ಫೋಟೊ ಹಿಡಿಸ್ಲಿಲ್ಲ, ಮಿಕ್ಕೋರಿಗೆ ನೀನು ಹಿಡಿಸ್ಲಿಲ್ಲ. ನಾನೇನ್ ಮಾಡ್ಲಿ?" ಎಂದನಂತೆ.

ಮರುವಾರ ಅವನು ಬೇರೊಬ್ಬಳ ಫೋಟೊ ಹಿಡಿದು ಸ್ಟುಡಿಯೊಗೆ ಬಂದ. ಅವನ ಬಟ್ಟೆ ಅಂಗಡಿಯ ಜಾಹೀರಾತಿಗೆ ನಿಂತಿದ್ದ ಹುಡುಗಿ. ಸಪೂರ ಕುತ್ತಿಗೆ, ತಿದ್ದುವಂಥದ್ದು ಏನೂ ಇಲ್ಲದ ಮುಖ.

"ಮಾಮ, ಕಿವಿ ಇಲ್ದಿದ್ರೆ ಕುಸ್ತಿಯೋರು ನಂಬಲ್ವಂತೆ. ಇವಳಿಗೆ ಆ ಥರದ್ದು ಒಂದು ಜೊತೆ ಹಾಕ್ಬಿಡಿ."

"ಆ ಥರದ್ದು ಎಲ್ಲಿಂದ ತರ್ಲಿ ಸಾರ್?"

"ಅವಳದ್ದು ನಿಮ್ಮ ಹತ್ರಾನೇ ಇದೆಯಲ್ರೀ!"

ಮಾಮ ಎರಡು ದಿನ ಆ ಕೆಲಸ ಮುಂದೂಡಿದ. ಮೂರನೆಯ ದಿನ ಯಜಮಾನನ ಫೋನ್ ಬಂತು, ಆಗದಿದ್ದರೆ ಎದುರು ಬೀದಿಯ ಸ್ಟುಡಿಯೊದವನಿಗೆ ಕೊಡುತ್ತೇನೆ ಎಂದ. ಮಾಮ ಕುಸ್ತಿಯವಳ ತಿದ್ದದ ಫೋಟೊ ತೆರೆದು ಎಡಗಿವಿಯನ್ನು ಅಂಚು ಹಿಡಿದು ಕತ್ತರಿಸಿದ. ಹೊಸ ಹುಡುಗಿಯ ತಲೆಗೆ ಅದು ದೊಡ್ಡದಾಯಿತು. ಸ್ವಲ್ಪ ಕುಗ್ಗಿಸಿದ. ಬಲಗಿವಿ ಕೂರಿಸುತ್ತಿರುವಾಗಲೇ ಗಾಜಿನ ಬಾಗಿಲು ತಳ್ಳಿಕೊಂಡು ಕುಸ್ತಿಯವಳೇ ಒಳಗೆ ಬಂದಳು.

ಮಾಮ ಪರದೆಯನ್ನು ಗೋಡೆಯ ಕಡೆ ತಿರುಗಿಸಿದ.

ಅವಳು ಬಯ್ಯುತ್ತಾಳೆ ಎಂದು ಕಾದ. ಬಯ್ದಿದ್ದರೆ ತಪ್ಪಾಯಿತು ಎನ್ನಬಹುದಿತ್ತು. ಅವಳು ಸ್ಟೂಲಿನ ಮೇಲೆ ಕುಳಿತು ಮೊಣಕಾಲು ಒತ್ತಿಕೊಂಡಳು.

"ಪಾಸ್‌ಪೋರ್ಟ್ ಸೈಜ್ ಬೇಕಿತ್ತು ಮಾಮ. ಔಷಧಿ ಅಂಗಡೀಲಿ ಕೌಂಟರ್ ಕೆಲಸ ಇದೆಯಂತೆ."

"ಕೂರಮ್ಮ, ತೆಗಿತೀನಿ. ಕೂದಲು ಹಿಂದಕ್ಕೆ ಕಟ್ಕೊ, ಎರಡೂ ಕಿವಿ ಕಾಣ್ಬೇಕು."

"ಬೇಡ, ಬಿಟ್ಟೇ ತೆಗೀರಿ. ಗಿರಾಕಿಗಳು ಹೆದರ್ತಾರೆ, ಮುಚ್ಕೊಂಡು ಬಾ ಅಂದಿದಾರೆ." ಕೂದಲನ್ನು ಎರಡೂ ಕಡೆಯಿಂದ ಮುಂದಕ್ಕೆ ಎಳೆದುಕೊಂಡು, ಕೈಯಿಂದ ಒತ್ತಿ ಕೂರಿಸಿ, ಅವನ ಕಡೆ ನೋಡಿದಳು. "ಈಗ ಕಾಣಲ್ಲ ಅಲ್ವಾ?"

"ಕಾಣಲ್ಲ" ಎಂದ ಮಾಮ. "ಗಲ್ಲ ಸ್ವಲ್ಪ ಮೇಲೆ."